ಕದನಗಳಿಗೆ ಧರ್ಮದ ಚೀಟಿ ಅಂಟಿಸುವವರಿಗೆ

ಮತ್ರಾ ಬಂದರಿನ ಪಕ್ಕದ ಬಂಡೆಯ ಮೇಲೆ ಪೋರ್ಚುಗೀಸರ ಕಾಲದ ಕೋಟೆಯೊಂದಿದೆ. ಅದರ ಕೆಳಗಿನ ಕಡಲ ದಂಡೆಯಲ್ಲಿ ಕಳೆದ ವಾರ ನಡೆಯುತ್ತಿದ್ದಾಗ ಊರಿನ ಗೆಳೆಯರೊಬ್ಬರು ತಮ್ಮ ಮೊಬೈಲಿಗೆ ಬಂದ ಪಟ್ಟಿಯೊಂದನ್ನು ತೋರಿಸಿದರು. ಕರ್ನಾಟಕದ ಮಹಾಕದನಗಳ ಪಟ್ಟಿ ಅದು. 1565ರ ತಾಳಿಕೋಟೆಯ ಎದುರು ‘ಹಿಂದೂಗಳ ಸೋಲು’ ಎಂದೂ 1799ರ ಶ್ರೀರಂಗಪಟ್ಟಣದ ಎದುರು ‘ಹಿಂದೂಗಳ ಬಿಡುಗಡೆ’ ಎಂದೂ ಬರೆದಿತ್ತು. ‘ಇದರಲ್ಲಿ ತಪ್ಪೇನಿದೆ, ಹೇಳಿ’ ಎಂದರು ಗೆಳೆಯರು. ಆ ಪ್ರಶ್ನೆಗೆ ನಿಂತಲ್ಲೇ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಾಳಿಕೋಟೆ. 1565ರ ಜನವರಿ 23ರಂದು ಅಳಿಯ ರಾಮರಾಯ ಮಡಿದ. ಆ ಬಳಿಕ ವಿಜಯನಗರ ಪಟ್ಟಣ ಸೂರೆಯಾಯಿತು. ಹಂಪಿಯ ಆ ನಾಶವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅಂದು ಎದುರು ಪಾಳೆಯದಲ್ಲಿದ್ದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ, ತನ್ನ ಯೌವನದಲ್ಲಿ ಪ್ರಾಣಭಯದಿಂದ ಓಡಿಬಂದು ಏಳು ವರ್ಷ ಆಶ್ರಯ ಪಡೆದದ್ದು ಇದೇ ವಿಜಯನಗರದಲ್ಲಿ. ಕೆಲವೇ ವರ್ಷಗಳ ಹಿಂದೆ ರಾಮರಾಯನು ಬಿಜಾಪುರದ ಅಲಿ ಆದಿಲ್ ಷಾನ ಜೊತೆಗೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಯೋಧರಿದ್ದರು. ಗೆದ್ದ ಸುಲ್ತಾನರು ಬೇಗನೆ ತಮ್ಮತಮ್ಮಲ್ಲೇ ಕಚ್ಚಾಡತೊಡಗಿದರು. ಸೋತ ಸಾಮ್ರಾಜ್ಯ ಪೆನುಕೊಂಡಕ್ಕೆ ಸರಿದು, ಅರವೀಡು ಅರಸರ ಕೈಯಲ್ಲಿ ಹದಿನೇಳನೆಯ ಶತಮಾನದವರೆಗೂ ಉಸಿರಾಡಿತು. ಇದು ಎರಡು ಧರ್ಮಗಳ ಅಂತಿಮ ಯುದ್ಧವಾಗಿದ್ದರೆ, ಆ ಸಂಗತಿ ಕಾದಾಡಿದವರಿಗೇ ಏಕೆ ತಿಳಿದಿರಲಿಲ್ಲ?

ಇನ್ನು ಶ್ರೀರಂಗಪಟ್ಟಣ. 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ನುಗ್ಗಿದ ಕಂಪನಿ ಸೇನೆಯ ಜೊತೆಗಿದ್ದದ್ದು ಹೈದರಾಬಾದಿನ ನಿಜಾಮನ ಪಡೆ. ಅದಕ್ಕೂ ಮುಂಚಿನ ಯುದ್ಧದಲ್ಲಿ, 1791ರಲ್ಲಿ, ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ದಂಡು. ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ್ದು ಟಿಪ್ಪು. ಟಿಪ್ಪುವಿನ ಆಡಳಿತದಲ್ಲಿದ್ದ ಪೂರ್ಣಯ್ಯನವರೇ ಟಿಪ್ಪು ಮಡಿದ ಮೇಲೂ ಮೈಸೂರಿನ ದಿವಾನರಾದರು. ಇಲ್ಲಿ ಯಾವ ಧರ್ಮಕ್ಕೆ ಬಿಡುಗಡೆಯಾಯಿತು?

ಕದನವೊಂದರ ಬಾಳಿಕೆಯ ಮಹತ್ವವನ್ನು ಅಳೆಯಲು ರಣರಂಗಕ್ಕಿಂತ ಮರುದಿನದ ಕರಾರುಪತ್ರವನ್ನು ಓದಬೇಕು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕಪ್ಪವಾಗಿ ತೆರಬೇಕಾಯಿತು. ಆ ಹಣ ರೈತನ ಕಣಜದಿಂದಲ್ಲದೆ ಬೇರೆಲ್ಲಿಂದ ಬಂದೀತು? 1830ರಲ್ಲಿ ನಗರದ ರೈತರು ದಂಗೆಯೆದ್ದರು. 1831ರಲ್ಲಿ ಅದನ್ನೇ ನೆಪಮಾಡಿ ಕಂಪನಿಯು ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡಿತು. ಕೆನರಾ ಕರಾವಳಿ 1799ರಲ್ಲೇ ನೇರವಾಗಿ ಕಂಪನಿಯ ಪಾಲಾಗಿತ್ತು. ಕಂದಾಯದ ಬಿಸಿ ತಾಳದೆ 1837ರಲ್ಲಿ ಸುಳ್ಯ-ಪುತ್ತೂರಿನ ಜನ ಮಂಗಳೂರಿನವರೆಗೂ ದಂಡು ಕಟ್ಟಿ ನಡೆದರು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದುಹೋಗಿ, 1956ರಲ್ಲಿ ಒಂದಾಗುವಾಗಲೂ ಕಾಸರಗೋಡು ಹೊರಗುಳಿಯಿತು. ಆ ಕಥೆಯ ಒಂದು ಎಳೆ ಶ್ರೀರಂಗಪಟ್ಟಣದ ಒಡೆದ ಗೋಡೆಯಿಂದಲೇ ಹೊರಟಿದೆ. ತಾಳಿಕೋಟೆ ಒಂದು ರಾಜಧಾನಿಯನ್ನು ಕೆಡವಿತು. ಶ್ರೀರಂಗಪಟ್ಟಣ ನಮ್ಮ ದುಡಿಮೆಯ ಫಲ ಕಡಲಾಚೆಗೆ ಹರಿಯುವ ಕಾಲುವೆಯನ್ನೇ ತೋಡಿತು. ಎರಡಕ್ಕೂ ಒಂದೇ ಬಗೆಯ ಚೀಟಿ ಅಂಟಿಸಿದವರು ಮರೆಮಾಚುವುದು ಈ ವ್ಯತ್ಯಾಸವನ್ನು.

ನಾವು ನಿಂತಿದ್ದ ನೆಲಕ್ಕೂ ಇವೆರಡರ ನಂಟಿದೆ. ವಿಜಯನಗರದ ಲಾಯಗಳಿಗೆ ಕುದುರೆಗಳು ಬರುತ್ತಿದ್ದದ್ದು ಈ ಕಡಲಿನ ಬಂದರುಗಳಿಂದ. ಮಂಗಳೂರಿನ ಅಕ್ಕಿ ಮಸ್ಕತ್ತಿನ ಅನ್ನವಾಗಿತ್ತು. ಟಿಪ್ಪುವಿನ ವ್ಯಾಪಾರ ಕೋಠಿ ಇಲ್ಲಿತ್ತು. 1798ರ ಅಕ್ಟೋಬರಿನಲ್ಲಿ, ಶ್ರೀರಂಗಪಟ್ಟಣದ ಪತನಕ್ಕೆ ಏಳು ತಿಂಗಳು ಮೊದಲು, ಕಂಪನಿಯು ಮಸ್ಕತ್ತಿನ ದೊರೆಯೊಂದಿಗೆ ಒಪ್ಪಂದ ಮಾಡಿಕೊಂಡು ಫ್ರೆಂಚರಿಗೆ ಈ ಬಾಗಿಲು ಮುಚ್ಚಿತು. ಶ್ರೀರಂಗಪಟ್ಟಣದ ಮುತ್ತಿಗೆ ಒಂದರ್ಥದಲ್ಲಿ ಈ ಬಂದರುಗಳಿಂದಲೇ ಆರಂಭವಾಗಿತ್ತು.

1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದ. ಆ ಗೆಲುವಿಗೆ ಹಿಂದೂ ವರ್ತಕನೊಬ್ಬ ನೆರವಾದನೆಂದು ಹತ್ತೊಂಬತ್ತನೆಯ ಶತಮಾನದ ಒಮಾನಿ ಚರಿತ್ರೆಕಾರ ಇಬ್ನ್ ರುಝೈಕ್ ಬರೆದಿದ್ದಾನೆ. ಅದು ಎಷ್ಟು ಇತಿಹಾಸ, ಎಷ್ಟು ಕಥೆ ಎಂಬ ವಾದವಿರಲಿ. ತಮ್ಮ ದೊಡ್ಡ ಗೆಲುವಿನ ಕಥನದಲ್ಲಿ ಅನ್ಯಧರ್ಮೀಯನಿಗೆ ಮಣೆ ಹಾಕಲು ಇಲ್ಲಿನವರಿಗೆ ಸಂಕೋಚವಾಗಲಿಲ್ಲ.

ನಮ್ಮ ಬಳಗದವರಿಗೂ ಒಂದು ಮಾತು ಹೇಳಲೇಬೇಕು. ಆ ಪಟ್ಟಿಗೆ ಎದುರಾಗಿ ಟಿಪ್ಪುವನ್ನು ಕಳಂಕರಹಿತ ನಾಯಕನನ್ನಾಗಿ ನಿಲ್ಲಿಸುವುದೂ ಚೀಟಿ ಅಂಟಿಸುವ ಕೆಲಸವೇ. ಕೊಡವರ ನೋವು, 1784ರಲ್ಲಿ ಸೆರೆಯಾಗಿ ಘಟ್ಟ ಹತ್ತಿದ ಕೆನರಾದ ಕ್ರೈಸ್ತರ ನೋವು ನಿಜ. ಅದನ್ನು ನಾವು ಹೇಳದಿದ್ದರೆ ಅನ್ಯರು ಅದನ್ನು ಆಯುಧ ಮಾಡಿಕೊಳ್ಳುತ್ತಾರೆ, ಮಾಡಿಕೊಂಡಿದ್ದಾರೆ.

ನನ್ನ ಗೆಳೆಯರು ಕೆಟ್ಟವರಲ್ಲ. ಹಳೆಯ ಮಸ್ಕತ್ತಿನ ಶಿವ ದೇವಾಲಯಕ್ಕೆ ನಿರ್ಭಯವಾಗಿ ಹೋಗಿಬರುತ್ತಾರೆ, ಒಮಾನಿ ನೆರೆಯವರ ಮನೆಯಲ್ಲಿ ಹಬ್ಬದೂಟ ಮಾಡುತ್ತಾರೆ. ಆದರೆ ಅದೇ ಸಂಜೆ ಅವರ ಬೆರಳು ಆ ಪಟ್ಟಿಯನ್ನು ಊರಿನ ಐವತ್ತು ಮಂದಿಗೆ ರವಾನಿಸುತ್ತದೆ. ಅಲ್ಲಿ ಅದನ್ನು ಓದಿದ ಹುಡುಗ ಪಕ್ಕದ ಓಣಿಯ ಹುಡುಗನನ್ನು ನೋಡುವ ನೋಟ ಬದಲಾಗುತ್ತದೆ. ಪರದೇಶದಲ್ಲಿ ನಾವು ಅನುಭವಿಸುವ ಸಹಬಾಳ್ವೆಯನ್ನು ತಾಯ್ನೆಲದವರಿಗೆ ನಿರಾಕರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಮುಂದಿನ ಸಲ ಅಂಥ ಪಟ್ಟಿ ಬಂದಾಗ ಎರಡು ಕಲಂ ಸೇರಿಸಿ ನೋಡಿ: ಎರಡೂ ಕಡೆ ಯಾರ್ಯಾರಿದ್ದರು, ಮರುದಿನದ ಕಂದಾಯವನ್ನು ಯಾರು ತೆತ್ತರು. ಅವನ್ನು ಪ್ರಾಮಾಣಿಕವಾಗಿ ತುಂಬಿದ ಮೇಲೂ ಅದನ್ನು ಊರಿಗೆ ಕಳುಹಿಸಬೇಕೆನಿಸಿದರೆ, ಆ ಕಲಂಗಳ ಸಮೇತ ಕಳುಹಿಸಿ.