ಹೊಲಿಗೆ ಮೆಷಿನ್‌ಗೆ ದುಡ್ಡಿದೆ, ಆಟೋ ಚಾರ್ಜಿಗಿಲ್ಲ

ನಮ್ಮ ಕುವೆಂಪುನಗರದ ಕಡೆ ಒಂದು ಪುಟ್ಟ ಮಹಿಳಾ ಸಂಘವಿದೆ. ಐದಾರು ಹೆಂಗಸರು, ಒಂದು ಬಾಡಿಗೆ ಕೋಣೆ, ಒಂದು ಫೋನು. ಗಂಡನ ಹೊಡೆತ ತಾಳಲಾರದೆ ಬಂದವಳ ಜೊತೆ ಪೊಲೀಸ್ ಸ್ಟೇಷನ್‌ಗೆ ಹೋಗುವುದು, ಜೀವನಾಂಶದ ಕೇಸಿಗೆ ವಕೀಲರನ್ನು ಹುಡುಕಿಕೊಡುವುದು ಅವರ ಕೆಲಸ. ಮೈಸೂರಿಗೆ ಇದೇನೂ ಹೊಸದಲ್ಲ. ಸಮತಾ ವೇದಿಕೆ, ಒಡನಾಡಿಯಂಥವು ಎಷ್ಟೋ ವರ್ಷಗಳಿಂದ ಇಲ್ಲಿವೆ. ಆದರೆ ಈ ಸಂಘಕ್ಕೆ ಸದಸ್ಯರ ಚಂದಾ ಬಾಡಿಗೆಗೇ ಸಾಲುತ್ತಿಲ್ಲ. "ಅಕ್ಕಾ, ನೀವು ಕಂಪ್ಯೂಟರ್ ಬಲ್ಲೋರು, ದುಡ್ಡು ಕೊಡೋರು ಯಾರಾದ್ರೂ ಸಿಗ್ತಾರಾ ನೋಡಿ" ಅಂದರು. ಎರಡು ತಿಂಗಳಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ನನಗೆ ಇದೇ ಹುಡುಕಾಟ.

ಹುಡುಕಿದ ಕೂಡಲೇ ಎದುರಾಗುವುದು ಪರದೇಶದ ಹೆಸರುಗಳು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1983ರಲ್ಲಿ ಶುರುವಾದ ಮಾಮಾ ಕ್ಯಾಶ್, ಅಮೆರಿಕದ ಗ್ಲೋಬಲ್ ಫಂಡ್ ಫಾರ್ ವಿಮೆನ್, ಪಕ್ಕದ ಶ್ರೀಲಂಕಾದ ವಿಮೆನ್ಸ್ ಫಂಡ್ ಏಷ್ಯಾ. ಹೆಣ್ಣುಮಕ್ಕಳ ಹಕ್ಕಿಗೆಂದೇ ಹುಟ್ಟಿದ ನಿಧಿಗಳು. ಓದುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ! ಆದರೆ ವಿದೇಶದ ಹಣ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಕೆಲಸಕ್ಕೆಂದೇ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ನಮ್ಮವರ ಲೆಕ್ಕದ ಪುಸ್ತಕದಲ್ಲಿ ಅದರ ಕಾಲು ಭಾಗವೂ ಇಲ್ಲ. ಮೊದಲಾದರೆ ನೋಂದಣಿ ಇರುವ ದೊಡ್ಡ ಸಂಸ್ಥೆಗಳು ತಮಗೆ ಬಂದದ್ದರಲ್ಲಿ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹಂಚಬಹುದಿತ್ತು. 2020ರ ತಿದ್ದುಪಡಿ ಅದನ್ನೂ ನಿಲ್ಲಿಸಿತು. ಬಡವರಿಗೆ ಸಾಲ ಬೇಕಾದರೆ ಮೊದಲು ಶ್ರೀಮಂತರಾಗಿ ಬನ್ನಿ ಅಂದ ಹಾಗೆ.

ಹಾಗಾಗಿ ಇಲ್ಲಿಯ ಕಂಪನಿಗಳ ಸಿಎಸ್‌ಆರ್ ಕಡೆ ತಿರುಗಿದೆ. ಇಷ್ಟು ಲಾಭ ಅಥವಾ ವಹಿವಾಟು ದಾಟಿದ ಕಂಪನಿ ತನ್ನ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ. ಲಿಂಗ ಸಮಾನತೆಯೂ ಆ ಪಟ್ಟಿಯಲ್ಲಿದೆ. ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಯಾವ ರಾಜ್ಯದಲ್ಲಿ ಯಾವುದಕ್ಕೆ ಎಷ್ಟು ಕೊಟ್ಟಿತು ಎಂದು ನೋಡಬಹುದು. ಕಂಪನಿಯವರು ತಮ್ಮ ಪುಟದಲ್ಲಿ ಬರೆದುಕೊಂಡ ಚೆಂದದ ಮಾತು ಬಿಡಿ, ಹೋದ ವರ್ಷ ಯಾರಿಗೆ ಕೊಟ್ಟರು ಅದನ್ನ ಓದಿ. ನಂಜನಗೂಡು, ಹೆಬ್ಬಾಳು ಕಡೆ ಕಾರ್ಖಾನೆ ಇರುವವರನ್ನು ಮೊದಲು ನೋಡಿ.

ಮನೆಯಲ್ಲಿ ಮಾಡಿಟ್ಟುಕೊಳ್ಳುವ ಕೆಲಸವೂ ಇದೆ. 12ಎ, 80ಜಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆ, 2021ರಿಂದ ಕಡ್ಡಾಯವಾದ ಸಿಎಸ್‌ಆರ್-1. ಆಡಿಟರ್ ಹತ್ತಿರ ಒಂದು ಸಲ ಕೂತರೆ ಏನೇನು ಬಾಕಿ ಎಂಬುದು ಗೊತ್ತಾಗುತ್ತದೆ. ಅನುದಾನ ಕೊಡಿಸ್ತೀವಿ, ಮೊದಲು ಫೀಸು ಕಟ್ಟಿ ಅನ್ನುವವರ ಫೋನು ಮಾತ್ರ ಇಟ್ಟುಬಿಡಿ.

ಪೋರ್ಟಲ್‌ನಲ್ಲಿ ಎಷ್ಟು ಕೆದಕಿದರೂ ನನ್ನ ಕಣ್ಣಿಗೆ ಬಿದ್ದದ್ದು ಹೊಲಿಗೆ ತರಬೇತಿ, ಬ್ಯೂಟಿಷಿಯನ್ ಕೋರ್ಸು, ಸ್ಯಾನಿಟರಿ ಪ್ಯಾಡು. ಬೇಡ ಅನ್ನುತ್ತಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ, ಎಣಿಸಲೂ ಸುಲಭ. ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನು ಮಾಡಿದವಳ ಮನೆಗೆ ಓಡುವ ಆಟೋ ಚಾರ್ಜಿಗೆ ಮಾತ್ರ ಯಾವ ಫಾರಂನಲ್ಲೂ ಕಾಲಂ ಇಲ್ಲ. ಬಸ್ಸೇನೋ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಆ ಹೊತ್ತಿನಲ್ಲಿ ಬಸ್ಸೆಲ್ಲಿ?

ಕೊನೆಗೂ ಒಂದು ಕಂಪನಿಗೆ ಅರ್ಜಿ ತಯಾರಾಯಿತು. "ಫಲಾನುಭವಿಗಳ ಸಂಖ್ಯೆ" ಎಂಬಲ್ಲಿಗೆ ಬಂದಾಗ ಸಂಘದ ಅಕ್ಕ ಪೆನ್ನು ಕೆಳಗಿಟ್ಟರು. "ಒಬ್ಬಳು ಮೂರು ಸಲ ಬಂದು ಮೂರು ಸಲವೂ ಗಂಡನ ಮನೆಗೇ ವಾಪಸ್ ಹೋದ್ಳು. ಅವಳನ್ನ ಒಂದು ಅಂತ ಬರೀಲಾ, ಮೂರು ಅಂತಾನಾ?"

ಒಂದು ಅಂತಲೇ ಬರೆದೆವು. ಪಕ್ಕದಲ್ಲಿ ಖಾಲಿ ಜಾಗವಿತ್ತು, ನಾಲ್ಕನೇ ಸಲ ಬಂದರೆ ಏನೇನು ಬೇಕಾಗುತ್ತದೆ ಎಂದು ಅಲ್ಲಿ ಸೇರಿಸಿದೆವು. ಆಟೋ ಚಾರ್ಜೂ ಇದೆ.