ಯಂತ್ರದೊಳಗಿನ ಜೆಪ್ಪು

ನೇತ್ರಾವತಿಯ ದಂಡೆಗೆ ತಾಗಿಕೊಂಡಿರುವ ಮಂಗಳೂರಿನ ಜೆಪ್ಪು, ಹಂಚಿನ ಕಾರ್ಖಾನೆಗಳಿದ್ದ ಊರು. ಕರಾವಳಿಯ ಹಳೆಯ ಮನೆಯ ಮಾಡಿನಿಂದ ಬಾಸೆಲ್ ಮಿಶನ್ನಿನ ಹಂಚೊಂದನ್ನು ಇಳಿಸಿ ಮಗುಚಿ ನೋಡಿ. ತಯಾರಕರ ಹೆಸರು, 1865 ಎಂಬ ಇಸವಿ ಬೆರಳಿಗೆ ತಗಲುತ್ತವೆ. ಆ ಅಕ್ಷರಗಳು ಮಣ್ಣಿನಲ್ಲೇ ಆಕಾರವಾಗಿ ಕೂತಿವೆ. ಓದಲು ಬಲ್ಲವರು ಯಾರೇ ಎತ್ತಿಕೊಂಡರೂ ಓದಬಹುದು, ನಡುವೆ ಮತ್ತೊಂದರ ಹಂಗಿಲ್ಲ. ಅದೇ ಜೆಪ್ಪು ಎಂಬ ಹೆಸರನ್ನು ಫೋನಿನಲ್ಲಿ ಬರೆದು ಉಳಿಸಿದಾಗ ಮಾತ್ರ ನಡೆಯುವುದೇ ಬೇರೆ. ಉಳಿಸಿಟ್ಟ ಜಾಗದಲ್ಲಿ ‘ಜೆ’ ಎಂಬ ಆಕಾರವಿಲ್ಲ, ‘ಪ್ಪು’ ಕೂಡ ಇಲ್ಲ. ಇರುವುದು ಆರು ಸಂಖ್ಯೆಗಳು: 3228, 3270, 3242, 3277, 3242, 3265.

ಈ ಸಂಖ್ಯೆಗಳು ಎಲ್ಲಿಂದ ಬಂದವು? ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿಯೊಂದಿದೆ, ಅದಕ್ಕೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡಕ್ಕೆ ಸಿಕ್ಕಿರುವುದು 3200ರಿಂದ 3327ರವರೆಗಿನ 128 ಮನೆಗಳು. 3228 ಎಂದರೆ ಜ. ಮುಂದಿನದು ಎಕಾರದ ಚಿಹ್ನೆ. 3242 ಎಂದರೆ ಪ. ಅದರ ಬೆನ್ನಿಗಿರುವ 3277, ಪಕಾರದೊಳಗಿನ ಅಕಾರವನ್ನು ತೆಗೆದುಹಾಕುವ ಗುರುತು. ಮತ್ತೊಂದು ಪ, ಕೊನೆಗೆ ಉಕಾರ. ಪಕಾರದ ಒತ್ತಿಗೆ ಈ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ಯಂತ್ರ ಉಳಿಸಿಕೊಳ್ಳುವುದು ನಾವು ಕಾಗದದ ಮೇಲೆ ಬರೆಯುವ ಆಕಾರವನ್ನಲ್ಲ, ನಾವು ಉಚ್ಚರಿಸುವ ಕ್ರಮವನ್ನು. ಜೆಪ್ಪುವಿನ ಬೀದಿಯಲ್ಲಿ ಕೇಳುವ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದರೂ ಇವೇ ಸಂಖ್ಯೆಗಳು. ಯಾವ ಭಾಷೆ ಎಂಬುದು ಸಂಖ್ಯೆಗೆ ತಿಳಿಯದು.

ಸಂಖ್ಯೆಯನ್ನಾದರೂ ಯಂತ್ರ ಹತ್ತು ಅಂಕಿಗಳಲ್ಲಿ ಬರೆದುಕೊಳ್ಳುವುದಿಲ್ಲ. ಅದರ ವಿದ್ಯುತ್ ಮಂಡಲಕ್ಕೆ ತಪ್ಪಿಲ್ಲದೆ ಗುರುತಿಸಲು ಸುಲಭವಾದದ್ದು ಎರಡೇ ಸ್ಥಿತಿ, ಇದೆ ಮತ್ತು ಇಲ್ಲ. ಆದ್ದರಿಂದ 3228 ಎಂಬುದು 110010011100 ಆಗುತ್ತದೆ. ಇಂಥ ಒಂದು ಸೊನ್ನೆ ಅಥವಾ ಒಂದು, ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂತರಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟ್ ಬೇಕು. ಹಾಗಾಗಿ ಜೆಪ್ಪು ಎಂಬ ಹೆಸರು 18 ಬೈಟ್, 144 ಬಿಟ್. ಬರೆಯುತ್ತಿರುವಾಗ ಅವು ರ್‍ಯಾಮ್‌ನಲ್ಲಿ ಅತಿ ಸಣ್ಣ ವಿದ್ಯುದಂಶಗಳಾಗಿ ಇರುತ್ತವೆ. ಆ ವಿದ್ಯುದಂಶ ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹಲವು ಸಲ ಮತ್ತೆ ತುಂಬಬೇಕು. ಕರೆಂಟು ಹೋದರೆ ಅದೂ ಹೋಯಿತು. ‘ಸೇವ್’ ಮಾಡಿದಾಗ ಪೆನ್ ಡ್ರೈವಿನಲ್ಲೋ ಫೋನಿನ ಸಂಗ್ರಹದಲ್ಲೋ ಎಲೆಕ್ಟ್ರಾನುಗಳು ವಿದ್ಯುತ್ ಹರಿಯದ ಪದರದ ಹಿಂದೆ ಸಿಕ್ಕಿಕೊಂಡು, ಕರೆಂಟಿಲ್ಲದೆಯೂ ವರ್ಷಗಟ್ಟಲೆ ನಿಲ್ಲುತ್ತವೆ. ಹಾರ್ಡ್ ಡಿಸ್ಕಿನಲ್ಲಿ ಅದೇ ಕೆಲಸವನ್ನು ಕಾಂತದ ದಿಕ್ಕು ಮಾಡುತ್ತದೆ.

ಇನ್ನು ಪ್ರೊಸೆಸರ್. ಇದನ್ನು ಮೆದುಳು ಎಂದು ಕರೆಯುವ ರೂಢಿ ಬಂದಿದೆ. ಕಲಿಯುವವರಿಗೆ ಆ ಹೆಸರಿನಿಂದ ಉಪಕಾರವಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೆ ತಿಳಿದಿರುವ ಕೆಲಸಗಳು ಬಹಳ ಕಡಿಮೆ: ಸಂಖ್ಯೆಯನ್ನು ತರುವುದು, ಕೂಡುವುದು, ಎರಡನ್ನು ಹೋಲಿಸುವುದು, ಬೇರೆಡೆ ಇಡುವುದು, ಹೋಲಿಕೆಯ ಫಲಕ್ಕೆ ತಕ್ಕಂತೆ ಮುಂದಿನ ಆದೇಶಕ್ಕೆ ಹೋಗುವುದು. ಇವನ್ನೇ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಾಡುತ್ತದೆ. ನೀವು ಜೆಪ್ಪು ಎಂದು ಹುಡುಕಿದರೆ ಆ ಆರು ಸಂಖ್ಯೆಗಳು ಅದೇ ಸಾಲಾಗಿ ಎಲ್ಲಿವೆ ಎಂದು ಹೋಲಿಸುತ್ತ ಹೋಗುತ್ತದೆ, ಅಷ್ಟೆ. ತೆರೆಯ ಮೇಲೆ ತೋರಿಸುವಾಗ ಎರಡು ಪಕಾರಗಳ ನಡುವೆ 3277 ಕಂಡರೆ, ಎರಡನೆಯದನ್ನು ಒತ್ತಾಗಿ ಕೆಳಗಿಡುವ ಆಕಾರವನ್ನು ಫಾಂಟಿನಿಂದ ಆರಿಸಿಕೊಳ್ಳುತ್ತದೆ. ನಾವು ಓದುವ ಅಕ್ಷರ ಆ ಹೊತ್ತಿಗೆ ಹುಟ್ಟಿದ್ದು.

ಬರೀ ಸಂಖ್ಯೆಯನ್ನು ನಂಬಿ ಕೆಲಸ ಮಾಡಿದರೆ ಎಡವಟ್ಟೂ ಆಗುತ್ತದೆ. ನಮ್ಮ ನಿಘಂಟುಗಳಲ್ಲಿ ಳಕಾರ ಹಕಾರದ ಆಚೆ. ಯೂನಿಕೋಡಿನಲ್ಲಿ ಭಾರತದ ಹಲವು ಲಿಪಿಗಳನ್ನು ಒಂದೇ ಸಾಲಿಗೆ ಹೊಂದಿಸಿದ್ದರಿಂದ ಅದು ಲಕಾರದ ಪಕ್ಕದಲ್ಲೇ ಕೂತಿದೆ. ಸಂಖ್ಯೆಯ ಏರಿಕೆಯಂತೆ ಪದಗಳನ್ನು ಜೋಡಿಸಿದರೆ ಳಕಾರ ವಕಾರಕ್ಕಿಂತ ಮೊದಲೇ ಬಂದುಬಿಡುತ್ತದೆ. ಕನ್ನಡದ ಕ್ರಮವನ್ನು ಯಂತ್ರಕ್ಕೆ ಬೇರೆಯಾಗಿ ಹೇಳಿಕೊಡಬೇಕು.

ಉಚ್ಚಾರಣೆಯ ಕ್ರಮದಲ್ಲಿ ಕನ್ನಡವನ್ನು ಯಂತ್ರಕ್ಕೆ ಊಡಿಸುವ ದಾರಿಯನ್ನು ಯೋಚಿಸಿ ಕೊಟ್ಟವರಲ್ಲಿ ಮುಖ್ಯರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೆ ಪಾಠದಲ್ಲೇ ಸಿಗಬೇಕಾದ ಸಂಗತಿ. ತಮ್ಮ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ನುಡಿ ತಂತ್ರಾಂಶದಲ್ಲಿ ಬಳಕೆಗೆ ಬಂದ ಕೀಲಿಮಣೆಯ ಮೂಲ ಅವರ ವಿನ್ಯಾಸ. ಅದರಲ್ಲಿ ಜೆಪ್ಪು ಬರೆಯಲು ಒತ್ತಬೇಕಾದ ಕೀಲಿಗಳು ಜೆ, ಇ, ಪಿ, ಎಫ್, ಪಿ, ಯು. ಎಫ್ ಕೀಲಿಯದು ಒತ್ತಕ್ಷರ ಕೂಡಿಸುವ ಕೆಲಸ. ಆರು ಸಂಖ್ಯೆಗೆ ಆರು ಕೀಲಿ, ಬಾಯಲ್ಲಿ ಬರುವ ಸಾಲಿನಲ್ಲೇ.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಕೂತದ್ದು ಬೇರೆ ರೀತಿಯಲ್ಲಿ. ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲಾಗಿದ್ದ ಸಂಖ್ಯೆಗಳಿಗೆ ಕನ್ನಡದ ಆಕಾರದ ತುಣುಕುಗಳನ್ನು ತೊಡಿಸಿದ ಫಾಂಟುಗಳು ಅವು. ಆಗ ಬೇರೆ ದಾರಿ ಇರಲಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪಕಾರ ಇದ್ದಲ್ಲಿ ಯೆನ್ ಹಣದ ಗುರುತು, ನಕಾರ ಇದ್ದಲ್ಲಿ ಪೌಂಡಿನ ಗುರುತು ಕಾಣುತ್ತದೆ. ಒಂದು ಬಿಟ್ಟೂ ಅಳಿಸಿಲ್ಲ, ಎಲ್ಲ ಭದ್ರವಾಗಿದೆ, ಆದರೂ ಓದಲಾಗದು. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದ ಕಳೆದುಹೋಗಿದೆ. ಸಂಗ್ರಹ ಎಂದರೆ ಬಿಟ್‌ಗಳು ಮಾತ್ರವಲ್ಲ, ಅವುಗಳ ಒಪ್ಪಂದವೂ ಹೌದು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ. ಪುಟದ ಫೋಟೊ ಇದೆಯಲ್ಲ ಎಂದರೆ ಸಾಲದು. 1.2 ಕೋಟಿ ಚುಕ್ಕಿಗಳ ಒಂದು ಚಿತ್ರ, ಚುಕ್ಕಿಗೆ ಮೂರು ಬೈಟಿನಂತೆ, ಕುಗ್ಗಿಸದಿದ್ದರೆ 3.6 ಕೋಟಿ ಬೈಟ್ ತಿನ್ನುತ್ತದೆ. ಅಷ್ಟರಲ್ಲಿ ಇರುವುದು ಬಣ್ಣಗಳು ಮಾತ್ರ, ಜೆಪ್ಪು ಎಂಬ ಹೆಸರನ್ನು ಹುಡುಕಲು ಅಕ್ಷರದ ಸಂಖ್ಯೆಗಳಿಲ್ಲ.

ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ, ಕುಟುಂಬದ ವಂಶಾವಳಿ ಇರುವ ಹಳೆಯ ಸಿಡಿಗಳು ನಮ್ಮ ಮನೆಗಳಲ್ಲೂ ಸಂಘಸಂಸ್ಥೆಗಳ ಕಪಾಟುಗಳಲ್ಲೂ ಇರಬಹುದು. ಅವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಆದರೆ ಮೂಲದ ಫಾಂಟ್ ಯಾವುದೆಂದು ಗೊತ್ತಿರಬೇಕು. ಅರ್ಕಾವೊತ್ತನ್ನು ವಿಶೇಷವಾಗಿ ನೋಡಿಕೊಳ್ಳಬೇಕು: ಧರ್ಮ ಎಂಬ ಪದದಲ್ಲಿ ರಕಾರ ಕಣ್ಣಿಗೆ ಮಕಾರದ ಆಚೆ ಕಾಣುತ್ತದೆ, ಹಳೆಯ ಕಡತದಲ್ಲೂ ಆಚೆಯೇ ಇದೆ, ಹೊಸದರಲ್ಲಿ ಮಕಾರಕ್ಕಿಂತ ಮುಂಚೆ ಬರಬೇಕು. ಬದಲಿಸಿದ ಪ್ರತಿಯನ್ನು ಮೂಲದ ಮುದ್ರಿತ ಪುಟದೊಂದಿಗೆ ಕನ್ನಡ ಬಲ್ಲವರೊಬ್ಬರು ಸಾಲು ಸಾಲಾಗಿ ತಾಳೆ ನೋಡಲೇಬೇಕು. ಆ ಅಕ್ಷರಗಳನ್ನು ಅಂದು ಟೈಪ್ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಯಾವ ಫಾಂಟು ಎಂಬುದು ಅವರಿಗೆ ನೆನಪಿರುತ್ತದೆ. ಈ ಮಳೆಗಾಲದಲ್ಲೇ ಅವರ ಮನೆಗೆ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ.