ಗಾಡಿಯ ಬುತ್ತಿ

ಪಯಣಕ್ಕೆ ಹೊರಡುವ ಮನುಷ್ಯ ತನಗೆ ಬುತ್ತಿ ಕಟ್ಟಿಕೊಂಡರೆ ಸಾಲದು. ತನ್ನನ್ನು ಎಳೆದೊಯ್ಯುವ ಪ್ರಾಣಿಗೂ ಕಟ್ಟಬೇಕು. ಮಳವಳ್ಳಿಯ ಕಡೆಯ ಒಕ್ಕಲು ಕುಟುಂಬಗಳು ಎತ್ತಿನ ಗಾಡಿ ಹೂಡಿಕೊಂಡು ಮಾದಪ್ಪನ ಬೆಟ್ಟದ ಜಾತ್ರೆಗೆ ಹೊರಡುತ್ತಿದ್ದ ಕಾಲದಲ್ಲಿ ಈ ಏರ್ಪಾಡು ಬಲು ಜಾಣತನದ್ದಾಗಿತ್ತು. ಗಾಡಿಯೊಳಗೆ ಒಣಹುಲ್ಲನ್ನು ದಪ್ಪವಾಗಿ ಹರಡಿ, ಅದರ ಮೇಲೊಂದು ಜಮಖಾನ ಹಾಸಿ, ಹೆಂಗಸರೂ ಮಕ್ಕಳೂ ಕುಳಿತುಕೊಳ್ಳುತ್ತಿದ್ದರು. ದಾರಿಯಲ್ಲಿ ಮೆತ್ತೆಯಾಗಿದ್ದ ಹುಲ್ಲೇ ಬೀಡುಬಿಟ್ಟ ಕಡೆ ಎತ್ತುಗಳಿಗೆ ಮೇವಾಗುತ್ತಿತ್ತು. ಹೋಗುವಾಗ ಎತ್ತರವಾಗಿದ್ದ ಆಸನ ಬರುವಾಗ ತಗ್ಗಿರುತ್ತಿತ್ತು.

ಎರಡನೆಯ ಮಹಾಯುದ್ಧದ ಜೀಪನ್ನು ರೂಪಿಸಿದ ಅಮೆರಿಕದ ಎಂಜಿನಿಯರುಗಳು ಈ ಗಾಡಿಯನ್ನು ಕಂಡಿರಲಾರರು. ಆದರೂ ಅವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ವಿಲ್ಲೀಸ್ ಜೀಪಿನ ಪೆಟ್ರೋಲ್ ಟ್ಯಾಂಕು ಇದ್ದದ್ದು ಚಾಲಕನ ಆಸನದ ಕೆಳಗೆ. ಅದು ಹಿಡಿಯುತ್ತಿದ್ದದ್ದು ಸುಮಾರು 57 ಲೀಟರು. ಅಷ್ಟು ಸಾಲದಿದ್ದರೆ ಇರಲೆಂದು ಇಪ್ಪತ್ತು ಲೀಟರಿನ ಡಬ್ಬವೊಂದನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟನ್ನು ಹಿಂಬದಿಗೆ ಜೋಡಿಸಲಾಗಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆ ಇದೇ ಜೀಪಿನ ವಂಶದ ಗಾಡಿಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ನಾಲ್ಕು ಗಾಲಿಗೂ ಎಂಜಿನಿನ ಬಲವೂಡುವ ಗಾಡಿ ಹೀಗೆ ಸೈನ್ಯದಿಂದ ತೋಟಕ್ಕೂ ಊರಿಗೂ ಬಂತು.

ಈಗ ಮಂಡ್ಯ, ಮದ್ದೂರು, ಮಳವಳ್ಳಿಗಳ ಮಧ್ಯಮ ವರ್ಗದ ಮನೆಗಳ ಮುಂದೆಯೂ ಇಂಥ ಗಾಡಿ ನಿಲ್ಲುವ ದಿನ ಬಂದಿದೆ. ಗಾಡಿಯ ಬೆನ್ನಿಗೇ ಒಂದು ಆಸೆಯೂ ಬರುತ್ತದೆ: ಇನ್ನೊಂದು ಟ್ಯಾಂಕು ಹಾಕಿಸಬೇಕು, ಒಮ್ಮೆ ತುಂಬಿಸಿದರೆ ಸಾವಿರ ಕಿಲೋಮೀಟರು ಓಡಬೇಕು. ಮದ್ದೂರಿನ ಒಂದು ಮನೆಯ ಜಗಲಿಯಲ್ಲಿ ಈ ಸಂಗತಿ ಮಾತಿಗೆ ಬಂತೆನ್ನೋಣ. ಅಲ್ಲಿ ನಡೆಯುವ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ.

“ಮದ್ದೂರಿಂದ ಮಂಡ್ಯಕ್ಕೆ ಹೋಗೋಕೆ ಎರಡು ಟ್ಯಾಂಕು ಯಾಕಪ್ಪಾ?” ಎನ್ನುತ್ತಾರೆ ನಿವೃತ್ತ ಹೆಡ್‌ಮಾಸ್ತರರು.

“ಲಡಾಕಿಗೆ ಹೋಗ್ತೀನಿ, ಅಪ್ಪಾಜಿ.”

ತಾಯಿ ಅಡಿಗೆಮನೆಯ ಬಾಗಿಲಿನಿಂದಲೇ ಕೇಳುತ್ತಾರೆ: “ಅದರ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀಯಾ?”

ತಂದೆಯ ಪ್ರಶ್ನೆಗೆ ಉತ್ತರ ಸುಲಭ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರು. ಅಲ್ಲಿಂದ ಮಳವಳ್ಳಿಗೆ ಹೋಗಿ ತಿರುಗಿ ಮದ್ದೂರು ಸೇರಿದರೂ ಒಟ್ಟು ನೂರು ಕಿಲೋಮೀಟರು ಆಗದು. ಎಷ್ಟೋ ಪೆಟ್ರೋಲ್ ಬಂಕುಗಳು ದಾರಿಯ ಪಕ್ಕದಲ್ಲೇ ಸಿಗುತ್ತವೆ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದಾಗ ಅದರ ಮುಖ್ಯ ಪಥದಲ್ಲಿ ಬಂಕಾಗಲಿ ಹೋಟೆಲಾಗಲಿ ಇರಲಿಲ್ಲವೆಂಬುದು ದೊಡ್ಡ ದೂರಾಗಿತ್ತು. ಆಗಲೂ ಪಕ್ಕದ ರಸ್ತೆಗೆ ಇಳಿದವನಿಗೆ ಪೆಟ್ರೋಲೂ ದೊರೆಯುತ್ತಿತ್ತು, ಮದ್ದೂರು ವಡೆಯೂ ದೊರೆಯುತ್ತಿತ್ತು. ಈ ಸೀಮೆಯಲ್ಲಿ ಎರಡನೆಯ ಟ್ಯಾಂಕು ಒಡವೆಯೇ ಹೊರತು ಉಪಕರಣವಲ್ಲ.

ಮಗನ ಉತ್ತರವನ್ನೂ ಹಾಗೆಯೇ ತಳ್ಳಿಹಾಕಲಾಗದು. ಈ ಟ್ಯಾಂಕುಗಳ ನಿಜವಾದ ನೆಲೆ ಆಸ್ಟ್ರೇಲಿಯದಂಥ ನಾಡು. ಅಲ್ಲಿಯ ಪಶ್ಚಿಮ ಭಾಗದ ಕ್ಯಾನಿಂಗ್ ದಾರಿ ಮರಳುಗುಡ್ಡಗಳ ನಡುವೆ ಸುಮಾರು 1,850 ಕಿಲೋಮೀಟರು ಸಾಗುತ್ತದೆ. ಅಂಥಲ್ಲಿ ಎಣ್ಣೆ ಮುಗಿದರೆ ಪ್ರಾಣಕ್ಕೇ ಸಂಚಕಾರ. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಮನಾಲಿಯಿಂದ ಲೇಹಕ್ಕೆ ಹೋಗುವ ರಸ್ತೆ. ಆ ದಾರಿಯ ತಾಂಡಿ ಎಂಬಲ್ಲಿ, ಮುಂದಿನ ಬಂಕು 365 ಕಿಲೋಮೀಟರು ದೂರ ಎಂದು ಸಾರುವ ಫಲಕವೊಂದು ಬಹುಕಾಲ ಪ್ರಯಾಣಿಕರಲ್ಲಿ ಹೆಸರಾಗಿತ್ತು. ಜಿಪ್ಸಿ ಗಾಡಿಯ ಟ್ಯಾಂಕು ಹಿಡಿಯುವುದು 40 ಲೀಟರು. ಲೀಟರಿಗೆ ಹತ್ತು ಕಿಲೋಮೀಟರಿನಂತೆ ನಾನೂರು ಕಿಲೋಮೀಟರು ಬಂದೀತೆಂದು ಮನೆಯಲ್ಲಿ ಕುಳಿತು ಲೆಕ್ಕ ಹಾಕಿದವನು ಆ ಘಟ್ಟಗಳಲ್ಲಿ ಮೋಸ ಹೋಗುತ್ತಾನೆ. ಕೆಳಗಿನ ಗೇರಿನಲ್ಲಿ ಏರುವಾಗ, ನಾಲ್ಕು ಗಾಲಿಯೂ ಎಳೆಯುವಾಗ, ಲೀಟರಿಗೆ ಏಳು ಕಿಲೋಮೀಟರು ಬಂದರೆ ನಲವತ್ತು ಲೀಟರು 280 ಕಿಲೋಮೀಟರಿಗೆ ಮುಗಿಯಿತು. ಉಳಿದ 85 ಕಿಲೋಮೀಟರಿಗೆ ಬುತ್ತಿ ಬೇಕು, ನಿಜ. ಆದರೆ ಎಷ್ಟು ಬೇಕು? ಹನ್ನೆರಡು ಹದಿಮೂರು ಲೀಟರು. ದಾರಿ ತಪ್ಪಿದರೆ, ಮಂಜು ಬಿದ್ದರೆ ಎಂಬ ಮುನ್ನೆಚ್ಚರಿಕೆ ಸೇರಿ ಎರಡು ಡಬ್ಬ. ಎರಡನೆಯ ಟ್ಯಾಂಕು ಬೇಕೆನ್ನುವ ಪ್ರತಿಯೊಬ್ಬನೂ ಗ್ಯಾರೇಜಿಗೆ ಹೋಗುವ ಮೊದಲು ಒಂದು ಕಾಗದದ ಮೇಲೆ ಮಾಡಬೇಕಾದ ಲೆಕ್ಕ ಇದು.

ಪೆಟ್ರೋಲಿಗಾಗಿ ಪರದಾಡಿದ ದಿನಗಳನ್ನು ಈ ಸೀಮೆಯೂ ಕಂಡಿದೆ. 1942ರಲ್ಲಿ ಬರ್ಮಾದೇಶ ಜಪಾನೀಯರ ವಶವಾದ ಮೇಲೆ ಅಲ್ಲಿಯ ಎಣ್ಣೆ ಬರುವುದು ನಿಂತಿತು. ಇದ್ದ ಪೆಟ್ರೋಲನ್ನು ಸೈನ್ಯ ಬಳಸಿಕೊಂಡಿತು. ಮೈಸೂರು ಸಂಸ್ಥಾನದ ಬಸ್ಸುಗಳು ಆಗ ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಹಿಂಬದಿಗೆ ಹಂಡೆಯಂಥ ಒಲೆ. ಅದರಲ್ಲಿ ಕೆಂಡವಾದ ಇದ್ದಿಲಿಗೆ ಗಾಳಿಯನ್ನು ಅರೆಕೊರೆಯಾಗಿ ಬಿಟ್ಟರೆ ಹುಟ್ಟುವ ಅನಿಲವನ್ನು ಸೋಸಿ, ತಣಿಸಿ, ಎಂಜಿನಿಗೆ ಊಡುತ್ತಿದ್ದರು. ಬೆಳಗಿನ ಬಸ್ಸು ಹೊರಡುವುದಕ್ಕೆ ಎಷ್ಟೋ ಮುಂಚೆ ಕ್ಲೀನರು ಬಂದು ಒಲೆಯ ಗಾಳಿಚಕ್ರವನ್ನು ಕೈಯಿಂದ ತಿರುಗಿಸುತ್ತ ನಿಲ್ಲಬೇಕಾಗಿತ್ತು. ಎಂಜಿನಿನ ಬಲ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅರ್ಧ, ಕುಗ್ಗುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ಆ ಅನಿಲದ ಮುಖ್ಯ ಅಂಶವಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಅದು ಕಡುವಿಷ. ಎಣ್ಣೆಯ ಬದಲು ಒಲೆಯನ್ನೇ ಹೊತ್ತು ನಡೆದ ಗಾಡಿಗಳವು. ಅಂದಿನವರಿಗೆ ಅನ್ಯಮಾರ್ಗವಿರಲಿಲ್ಲ.

ಅದೇ ಯುದ್ಧದ ಕಾಲದಲ್ಲಿ ಮಂಡ್ಯ ಇನ್ನೊಂದು ಉಪಾಯವನ್ನೂ ಒದಗಿಸಿತು. 1933ರಲ್ಲಿ ಸ್ಥಾಪನೆಯಾದ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಮದ್ಯಸಾರ ತೆಗೆದು ಪೆಟ್ರೋಲಿಗೆ ಬೆರೆಸಲಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಕಬ್ಬಾಗಿ, ಕಬ್ಬು ಕಾಕಂಬಿಯಾಗಿ, ಕಾಕಂಬಿ ಮೋಟಾರಿನ ಮೇವಾದ ಬಗೆ ಇದು. ಇಂದು ದೇಶದ ಬಂಕುಗಳಲ್ಲಿ ಪೆಟ್ರೋಲಿನೊಡನೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಯುತ್ತಿರುವುದು ಆ ಹಳೆಯ ಪ್ರಯೋಗದ ದೊಡ್ಡ ರೂಪವೇ. ದೂರದ ಪಯಣದವರು ಗಮನಿಸಬೇಕಾದ ಮಾತೊಂದು ಇಲ್ಲಿದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿರುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಇಪ್ಪತ್ತು ಪಾಲು ಬೆರೆತಾಗ ಒಟ್ಟು ಶಾಖದಲ್ಲಿ ನೂರಕ್ಕೆ ಆರೇಳರಷ್ಟು ಇಳಿತಾಯ. ನಾನೂರು ಕಿಲೋಮೀಟರು ಓಡುತ್ತಿದ್ದ ಟ್ಯಾಂಕು ಲೆಕ್ಕದ ಪ್ರಕಾರ ಇಪ್ಪತ್ತೈದು ಕಿಲೋಮೀಟರು ಮುಂಚೆಯೇ ಬರಿದಾದೀತು. ಎಥನಾಲು ನೀರಿನ ತೇವವನ್ನೂ ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಹಳೆಯ ಜೀಪಿಗೆ ಹೊಸ ಕೊಳವೆಗಳನ್ನು ಎಳೆಯುವವರು ಇದನ್ನು ಮರೆಯಬಾರದು.

ಇನ್ನು ತಾಯಿಯ ಪ್ರಶ್ನೆ. ಮೂವರ ಮಾತಿನಲ್ಲಿ ತೂಕವಿರುವುದು ಅದಕ್ಕೇ.

ಟ್ಯಾಂಕಿನ ತೂಕದಿಂದಲೇ ಆರಂಭಿಸಬಹುದು. ಅರುವತ್ತು ಲೀಟರು ಡೀಸೆಲಿನ ತೂಕ ಸುಮಾರು 50 ಕಿಲೋಗ್ರಾಮು. ಉಕ್ಕಿನ ತೊಟ್ಟಿ, ಅದನ್ನು ಹಿಡಿದಿಡುವ ಪಟ್ಟಿಗಳು ಸೇರಿದರೆ ಎಂದೂ ಇಳಿಯದ ಒಬ್ಬ ಪ್ರಯಾಣಿಕನನ್ನು ಹತ್ತಿಸಿಕೊಂಡಂತಾಯಿತು. ಈ ಪ್ರಯಾಣಿಕನಿಗೆ ಸಿಗುವ ಜಾಗ ಸಾಮಾನ್ಯವಾಗಿ ಹಿಂದಿನ ಅಚ್ಚಿಗಿಂತಲೂ ಹಿಂದೆ, ಸ್ಟೆಪ್ನಿ ಚಕ್ರವನ್ನು ತೆಗೆದ ಸ್ಥಳದಲ್ಲಿ. ಕಬ್ಬಿನ ಗಾಡಿ ಹೊಡೆದವರಿಗೆ ಇದರ ಪರಿಣಾಮ ವಿವರಿಸಬೇಕಾಗಿಲ್ಲ. ಹೇರು ಹಿಂದಕ್ಕೆ ಜರುಗಿದರೆ ನೊಗ ಮೇಲೆದ್ದು ಎತ್ತುಗಳ ಕೊರಳನ್ನು ಒತ್ತುತ್ತದೆ. ಮೋಟಾರಿನಲ್ಲಿಯೂ ಹಾಗೆಯೇ: ಹಿಂಭಾರ ಹೆಚ್ಚಿದಷ್ಟೂ ಮುಂದಿನ ಗಾಲಿಗಳ ಹಿಡಿತ ಸಡಿಲುತ್ತದೆ, ಸ್ಟೀರಿಂಗು ಹಗುರವಾಗುತ್ತದೆ, ಹಿಂದಿನ ಸ್ಪ್ರಿಂಗು ಪಟ್ಟಿಗಳು ಕುಸಿಯುತ್ತವೆ. ತೆಗೆದ ಸ್ಟೆಪ್ನಿಯನ್ನು ಮಾಡಿನ ಮೇಲೆ ಕಟ್ಟಿದರಂತೂ ತಿರುವುಗಳಲ್ಲಿ ಗಾಡಿ ವಾಲುವ ಭಯವೂ ಸೇರಿಕೊಳ್ಳುತ್ತದೆ.

ತೊಟ್ಟಿಯೊಳಗಿನ ಎಣ್ಣೆಗೆ ತನ್ನದೇ ಚಲನೆಯುಂಟು. ಅರ್ಧ ತುಂಬಿದ ಕೊಡವನ್ನು ಹೊತ್ತು ನಡೆದವರಿಗೆ ನೀರು ತುಳುಕುವ ಪರಿ ಗೊತ್ತು. ಬ್ರೇಕು ಹಾಕಿದಾಗ ಮೂವತ್ತು ಲೀಟರು ಒಮ್ಮೆಗೇ ಮುಂದಕ್ಕೆ ನುಗ್ಗಿ ತೊಟ್ಟಿಯ ಗೋಡೆಗೆ ಬಡಿಯುತ್ತದೆ. ಅದಕ್ಕಾಗಿ ಒಳಗೆ ತೂತುಗಳಿರುವ ಅಡ್ಡಗೋಡೆಗಳನ್ನು ಕೂರಿಸಬೇಕು. ಎಣ್ಣೆ ಇಳಿದಷ್ಟೂ ಗಾಳಿ ಒಳಬರಲು ಉಸಿರುಕೊಳವೆ ಬೇಕು; ಗಾಡಿ ಇಳಿಜಾರಿನಲ್ಲಿ ಓರೆಯಾಗಿ ನಿಂತಾಗ ಅದರಿಂದ ಎಣ್ಣೆ ಸುರಿಯಲೂಬಾರದು. ಡೀಸೆಲ್ ಗಾಡಿಗೆ ಇನ್ನೊಂದು ತೊಡಕು: ಎಂಜಿನು ತಾನು ಉರಿಸದ ಡೀಸೆಲನ್ನು ಹಿಂದಿರುಗಿಸುತ್ತದೆ. ಎರಡನೆಯ ಟ್ಯಾಂಕಿನಿಂದ ಎಳೆದದ್ದು ತುಂಬಿದ ಮೊದಲನೆಯ ಟ್ಯಾಂಕಿಗೆ ಹಿಂದಿರುಗುವಂತೆ ಕೊಳವೆ ಜೋಡಿಸಿದರೆ ಅದು ಉಕ್ಕಿ ರಸ್ತೆಗೆ ಚೆಲ್ಲುತ್ತದೆ. ಅಗ್ಗವೆಂದು ಸತುವಿನ ಲೇಪವಿರುವ ಜಿಂಕ್ ತಗಡಿನಲ್ಲಿ ತೊಟ್ಟಿ ಮಾಡಿಸುವವರೂ ಉಂಟು. ಸತುವು ಡೀಸೆಲಿನೊಡನೆ ಕೂಡಿ ಹುಟ್ಟುವ ಕಸ ಎಂಜಿನಿನ ಸೂಕ್ಷ್ಮ ರಂಧ್ರಗಳನ್ನು ಕಟ್ಟುತ್ತದೆ.

ಇವೆಲ್ಲ ಹಣದ ನಷ್ಟ. ಪ್ರಾಣದ ನಷ್ಟ ನಡೆಯುವುದು ಹಳೆಯ ತೊಟ್ಟಿಗೆ ಬೆಸುಗೆ ಹಾಕುವಾಗ. ಗುಜರಿಯಿಂದ ಲಾರಿಯ ಹಳೆಯ ಟ್ಯಾಂಕು ತಂದು, “ಖಾಲಿ ಇದೆಯಲ್ಲ” ಎಂದು ವೆಲ್ಡಿಂಗಿಗೆ ಕೊಡುವುದು ಸಾಮಾನ್ಯ. ಆದರೆ ಖಾಲಿ ತೊಟ್ಟಿ ತುಂಬಿದ ತೊಟ್ಟಿಗಿಂತ ಅಪಾಯದ್ದು. ಉರಿಯುವುದು ದ್ರವವಲ್ಲ, ಅದರ ಆವಿ. ತುಂಬಿದ ತೊಟ್ಟಿಯಲ್ಲಿ ಆವಿಗೂ ಗಾಳಿಗೂ ಎಡೆ ಕಡಿಮೆ, ಬರಿದಾದ ತೊಟ್ಟಿಯಲ್ಲಿ ಅವೆರಡೂ ಬೆರೆತು ಕಿಡಿಗೆ ಕಾದಿರುತ್ತವೆ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದ ತೊಟ್ಟಿಯ ಮೂಲೆಯ ಜಿಡ್ಡು ಕೂಡ ಬೆಸುಗೆಯ ಕಾವಿಗೆ ಆವಿಯಾಗುತ್ತದೆ. ಬಲ್ಲವರು ತೊಟ್ಟಿಯೊಳಕ್ಕೆ ಬಹಳ ಹೊತ್ತು ಬಿಸಿ ಹಬೆ ಹಾಯಿಸಿ ತೊಳೆದು, ಬೆಸುಗೆಯ ಜಾಗವೊಂದನ್ನುಳಿದು ಮಿಕ್ಕೆಲ್ಲವನ್ನೂ ನೀರಿನಿಂದ ತುಂಬಿ ಕೆಲಸ ಮಾಡುತ್ತಾರೆ. ಅಷ್ಟು ವ್ಯವಧಾನವಿಲ್ಲದ ಶೆಡ್ಡಿಗೆ ಹಳೆಯ ಟ್ಯಾಂಕನ್ನು ಕೊಡುವವನು ಅಲ್ಲಿಯ ಹುಡುಗನೊಬ್ಬನ ಕಣ್ಣನ್ನೋ ಪ್ರಾಣವನ್ನೋ ಪಣವಿಟ್ಟಂತೆ.

ಕಾಯಿದೆಯ ಮಾತನ್ನೂ ಕೇಳಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಗಾಡಿಯ ಖಾಲಿ ತೂಕವೂ ಆ ಪತ್ರದಲ್ಲಿ ಬರೆದಿರುತ್ತದೆ; ಟ್ಯಾಂಕು ಸೇರಿದೊಡನೆ ಆ ತೂಕ ಸುಳ್ಳಾಗುತ್ತದೆ. ಮಂಡ್ಯದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸದೆ ಕೆಲಸ ಮಾಡಿಸಿದವನಿಗೆ, ಅಪಘಾತವಾದ ದಿನ ವಿಮೆಯ ಕಂಪೆನಿಯವರು ಮೊದಲು ತೋರಿಸುವುದು ಆ ಟ್ಯಾಂಕನ್ನೇ.

ಹಾಗಾದರೆ ಲಡಾಕಿನ ಪಯಣಿಗನಿಗೆ ಗತಿಯೇನು? ಗತಿ ಆ ಯುದ್ಧದ ಜೀಪಿನ ಬೆನ್ನ ಮೇಲೆಯೇ ಇತ್ತು. ಅದರ ಕಥೆ ಸ್ವಾರಸ್ಯವಾದದ್ದು. ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯ ಪೆಟ್ರೋಲು ಸಾಗಿಸುತ್ತಿದ್ದದ್ದು ನಾಲ್ಕು ಗ್ಯಾಲನ್ನಿನ ಚೌಕ ತಗಡಿನ ಡಬ್ಬಗಳಲ್ಲಿ. ಸೀಮೆಎಣ್ಣೆ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ನೀರು ತುಂಬಲೂ ರಾಗಿ ಹಾಕಿಡಲೂ ಬಳಸುತ್ತಿದ್ದ ಡಬ್ಬದ ಜಾತಿಯೇ ಅದು. ಹಜಾರದ ಮೂಲೆಯಲ್ಲಿ ಸುಖವಾಗಿ ಬಾಳುವ ಆ ಡಬ್ಬ ಲಾರಿಯ ಕುಲುಕಾಟಕ್ಕೆ ಸೀಳಿ, ನೂರಕ್ಕೆ ಮೂವತ್ತರಷ್ಟು ಪೆಟ್ರೋಲು ದಾರಿಯಲ್ಲೇ ಸೋರಿತೆಂಬ ಅಂದಾಜುಂಟು. ಜರ್ಮನರ ಬಳಿ ಇದ್ದದ್ದು ಒತ್ತಿ ಬೆಸೆದ ಉಕ್ಕಿನ ಇಪ್ಪತ್ತು ಲೀಟರಿನ ಕ್ಯಾನು. ಮೂರು ಹಿಡಿಗಳಿದ್ದುದರಿಂದ ಇಬ್ಬರು ಹಿಡಿದು ಒಯ್ಯಬಹುದು, ಖಾಲಿಯಾದವನ್ನು ಒಂದು ಕೈಯಲ್ಲಿ ಎರಡೆರಡು ಎತ್ತಬಹುದು. ಬಿಸಿಲಿಗೆ ಎಣ್ಣೆ ಹಿಗ್ಗಲೆಂದು ಮೇಲ್ಗಡೆ ಗಾಳಿಯ ಎಡೆ. ತುಂಬಿದ ಕ್ಯಾನು ನೀರಿನಲ್ಲಿ ತೇಲುತ್ತಿತ್ತು. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರು ಬರ್ಲಿನ್ನಿನಿಂದ ಮೋಟಾರಿನಲ್ಲಿ ಭಾರತಕ್ಕೆ ಹೊರಟಾಗ ಜೊತೆಯ ಜರ್ಮನ್ ಗೆಳೆಯ ಕುಡಿಯುವ ನೀರಿಗೆಂದು ಇಂಥ ಮೂರು ಕ್ಯಾನುಗಳನ್ನು ತಂದ. ಗಾಡಿ ಕಲ್ಕತ್ತ ಮುಟ್ಟಿತು. ಕ್ಯಾನಿನ ರಹಸ್ಯ ಪ್ಲೈಸನ ಮೂಲಕ ಅಮೆರಿಕ ಮುಟ್ಟಿತು. ಜರ್ಮನರದ್ದೆಂಬ ಅರ್ಥದಲ್ಲಿ ಬ್ರಿಟಿಷ್ ಸಿಪಾಯಿಗಳು ಅದನ್ನು ಜೆರ್ರಿ ಕ್ಯಾನು ಎಂದರು.

ಇಂಥ ಎರಡು ಉಕ್ಕಿನ ಕ್ಯಾನು ಲೇಹದ ದಾರಿಗೆ ಸಾಕು. ಅವುಗಳನ್ನು ಕಂಠಮಟ್ಟ ತುಂಬಬಾರದು. ಜನ ಕುಳಿತುಕೊಳ್ಳುವ ಜಾಗದಲ್ಲಿ ಇಡಬಾರದು. ತುಂಬುವಾಗ ಗಾಡಿಯಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ಘರ್ಷಣೆಯ ವಿದ್ಯುತ್ತಿನ ಒಂದು ಕಿಡಿ ಸಾಕಾಗುತ್ತದೆ. ಟ್ಯಾಂಕು ಅರ್ಧಕ್ಕಿಳಿದೊಡನೆ ಮೊದಲು ಕ್ಯಾನಿನ ಎಣ್ಣೆಯನ್ನೇ ಅದಕ್ಕೆ ಸುರಿದುಬಿಟ್ಟರೆ ಹೊರೆಯೂ ಬೇಗ ಕರಗುತ್ತದೆ. ಊರಿಗೆ ಮರಳಿದ ಮೇಲೆ, ಬರಿದಾದ ಕ್ಯಾನನ್ನು ಅಡಿಗೆಮನೆಯ ಅಟ್ಟಕ್ಕೆ ಏರಿಸುವ ಹಳೆಯ ಅಭ್ಯಾಸವೊಂದು ಮಾತ್ರ ಬೇಡ. ಮುಚ್ಚಳ ತೆಗೆದು, ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿ, ಮಕ್ಕಳ ಕೈಗೆ ಎಟುಕದಂತೆ, ಗಾಳಿಗೆ ಒಣಗಲು ಬಿಡಬೇಕು.